ಕುಬಸದ ತುತ್ತು

ಫೆಬ್ರುವರಿ ೩, ಸೋಮವಾರ

ಇವತ್ತು ಬೋರ್ಡು ಹಚ್ಚಿದೆ. ನನ್ನ ಅಕ್ಷರ ಚೆಂದ ಅಂತ ಬರೆಯುವ ಕೆಲಸವನ್ನೆಲ್ಲ ಸಾವಕಾರರು ನನ್ನ ತಲೆಗೇ ಕಟ್ಟುತ್ತಾರೆ. ಹೋದ ವಾರ ಕಾರ್ಮಿಕ ಇಲಾಖೆಯವರು ಬಂದು ನಮ್ಮ ರೊಟ್ಟಿ ಕಾರಖಾನೆಯ ಮೂಲೆ ಮೂಲೆ ನೋಡಿ ಹೋಗಿದ್ದರು. ಕೆಲಸದವರಿಗೆ ಆರಾಮಿಲ್ಲದಾಗ ಪಗಾರ ಹಿಡಿಯದೆ ರಜೆ ಕೊಡಲೇಬೇಕು, ಅದು ಕಾಯಿದೆ ಎಂದು ಸಾವಕಾರ ಶಿವಪ್ರಕಾಶ ಅವರಿಗೆ ಹೇಳಿ ಸಹಿ ಮಾಡಿಸಿಕೊಂಡರು. ಸಾವಕಾರರು ಅವತ್ತಿಡೀ ಮುಖ ಊದಿಸಿಕೊಂಡು ಕೂತಿದ್ದರು. ಸಂಜೆಗೆ ನನ್ನನ್ನೇ ಕರೆದು, ಏನು ಮಾಡೋಣ ಶಿವಕಾಂತಕ್ಕ, ಆಳಂದದ ಹೆಂಗಸರೆಲ್ಲ ನಾಳೆಯಿಂದ ತಲೆನೋವು ಅಂತ ಮಲಗುತ್ತಾರೆ ಎಂದರು.

ಉಪಾಯ ಹೇಳಿದವಳು ನಾನೇ. ರಜೆ ಕೊಡೋಣ, ಆದರೆ ಡಾಕ್ಟರ ಚೀಟಿ ತಂದವರಿಗೆ ಮಾತ್ರ. ಚೀಟಿ ಇಲ್ಲದಿದ್ದರೆ ಪಗಾರವೂ ಇಲ್ಲ. ಕಾಯಿದೆಯೂ ಉಳಿಯುತ್ತದೆ, ಕಾರಖಾನೆಯೂ ಉಳಿಯುತ್ತದೆ. ಸಾವಕಾರರ ಮುಖ ಅರಳಿತು.

ಹೆಂಗಸರನ್ನೆಲ್ಲ ನಿಲ್ಲಿಸಿ ಬೋರ್ಡು ಓದಿ ಹೇಳಿದೆ. ರಂಜಕ ಕುಟ್ಟುವ ಭಾಗಮ್ಮ ಮಾತ್ರ ಕೈ ಒರೆಸಿಕೊಳ್ಳುತ್ತ ಕೇಳಿದಳು.

"ಡಾಕ್ಟರ ಕಡೆ ಒಯ್ಯಲಾರದ ಬ್ಯಾನಿ ಬಂದ್ರ ಹ್ಯಾಂಗ್ರಿ ಅಕ್ಕೋರೆ?"

ಅಂಥ ಬೇನೆ ಯಾವುದಿದೆ ತಾಯಿ, ಈ ವಯಸ್ಸಿಗೆ ಪ್ರೀತಿ ಗೀತಿಯೇನಾದರೂ ಹತ್ತಿತೇ ಎಂದೆ. ಎಲ್ಲರೂ ನಕ್ಕರು. ಭಾಗಮ್ಮನೂ ನಕ್ಕಳು, ಸ್ವಲ್ಪ ತಡವಾಗಿ.

ಅವಳ ರಂಜಕಕ್ಕೆ ಸೋಲಾಪುರದವರೆಗೂ ಗಿರಾಕಿಗಳಿದ್ದಾರೆ. ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆ, ಅಷ್ಟೇ. ಆದರೆ ಅವಳ ಕೈಯಲ್ಲಿ ಏನೋ ಇದೆ. ಮಧ್ಯಾಹ್ನ ನಾನೂ ಅವಳೂ ಒಂದೇ ಡಬ್ಬಿಗೆ ಕೈ ಹಾಕಿ ಉಣ್ಣುತ್ತೇವೆ. ನಮ್ಮ ಓಣಿಯ ಕೆಲವರಿಗೆ ಇದು ಸೇರುವುದಿಲ್ಲ. ಅವಳ ಕೇರಿ ಬೇರೆ, ನಮ್ಮದು ಬೇರೆ ಎನ್ನುತ್ತಾರೆ. ಅನ್ನಲಿ. ಅದೇ ರಂಜಕ ಅಂಗಡಿಯ ಬಾಟಲಿಯಲ್ಲಿ ಬಂದರೆ ನೆಕ್ಕಿ ತಿನ್ನುತ್ತಾರೆ.

ಫೆಬ್ರುವರಿ ೧೧, ಮಂಗಳವಾರ

ಬೋರ್ಡಿಗೆ ಮೊದಲ ಪರೀಕ್ಷೆ ಬಂದದ್ದು ಭಾಗಮ್ಮನಿಂದಲೇ. ಮುಂಜಾನೆ ಆಫೀಸಿನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆರಾಮಿಲ್ಲ, ಅನ್ನ ಸೇರುತ್ತಿಲ್ಲ, ಕಾಲಲ್ಲಿ ಬಲವಿಲ್ಲ, ಕೆಲವು ದಿನ ಮನೆಯಲ್ಲಿರುತ್ತೇನೆ ಎಂದಳು. ಆಗಲಿ, ಚೀಟಿ ಎಲ್ಲಿ ಎಂದೆ. ಡಾಕ್ಟರ ಹತ್ತಿರ ಹೋಗಿಲ್ಲವಂತೆ. ಮಟಕಿಯಲ್ಲಿ ಬೀರಲಿಂಗಪ್ಪ ಎಂಬುವವನು ಹಳ್ಳಿ ಮದ್ದು ಕೊಡುತ್ತಾನಂತೆ, ಅವನ ಹತ್ತಿರ ಹೋಗಿ ಬಂದಳಂತೆ. ಅವನು ಚೀಟಿ ಕೊಡುತ್ತಾನೋ ಎಂದರೆ ಇಲ್ಲ. ಹೋಗಲಿ, ಯಾವ ಬೇನೆ ಅಂತಲಾದರೂ ಹೇಳು ಎಂದೆ.

"ಮದ್ದು ಮುಗಿಯೋತನ ಬ್ಯಾನಿ ಹೆಸರು ಬಾಯಾಗ ತರಬಾರದಂತ್ರಿ. ತಂದ್ರ ಮದ್ದು ನಾಟಂಗಿಲ್ಲ."

ಹೆಸರಿಲ್ಲದ ಬೇನೆ, ಹಾಳೆಯಿಲ್ಲದ ವೈದ್ಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ನಗು ಬಂತು, ಸಿಟ್ಟೂ ಬಂತು. ಕಡೆಗೆ ಅವಳು, ರಜೆ ಬೇಡ, ರಂಜಕದ ಕೆಲಸದಿಂದ ತೆಗೆದು ಅಂಗಳ ಗುಡಿಸಲು ಹಾಕಿರಿ ಎಂದಳು. ಮದುವೆಯ ಸುಗ್ಗಿ, ರಂಜಕಕ್ಕೆ ಎಲ್ಲೆಲ್ಲಿಂದಲೋ ಬೇಡಿಕೆ. ಹೇಗೆ ತೆಗೆಯಲಿ? ಆಗುವುದಿಲ್ಲ ಎಂದೆ.

ಕನಿಕರ ಬರಲಿಲ್ಲ ಎಂದಲ್ಲ. ಕಣ್ಣು ಗುಳಿಬಿದ್ದಿದ್ದವು. ಆದರೆ ಒಬ್ಬಳಿಗೆ ಸಡಿಲ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು. ನಾನು ಇಲ್ಲಿ ಸೇರಿದ ಮೇಲೆ ಆರಾಮಿಲ್ಲ ಅಂತ ಒಂದು ದಿನ ಮನೆಯಲ್ಲಿ ಕೂತಿಲ್ಲ. ಮೈ ಅನ್ನುವುದು ಹೇಳಿದಂತೆ ಕೇಳುತ್ತದೆ, ಹೇಳುವವರು ಗಟ್ಟಿಯಿರಬೇಕು.

ಫೆಬ್ರುವರಿ ೧೪, ಶುಕ್ರವಾರ

ಭಾಗಮ್ಮ ನಿನ್ನೆ ಮೊನ್ನೆ ಬರಲಿಲ್ಲ. ಪಗಾರ ಹಿಡಿದೆವು. ಇವತ್ತು ಬಂದು ಒರಳಿನ ಮುಂದೆ ಕೂತಳು. ಊಟಕ್ಕೆ ನನ್ನ ಹತ್ತಿರ ಬರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಒಬ್ಬಳೇ ಉಂಡಳು. ಮುನಿಸು. ಎಷ್ಟು ದಿನ ಇರುತ್ತದೆ ನೋಡೋಣ.

ಫೆಬ್ರುವರಿ ೨೦, ಗುರುವಾರ

ಇತ್ತೀಚೆಗೆ ಹೆಂಗಸರ ಗಮನ ಕೆಲಸದ ಮೇಲಿಲ್ಲ. ಮುಮತಾಜ ರೊಟ್ಟಿ ತಟ್ಟುವಾಗ ನೋಡಿದೆ, ಮುಂಗೈಯ ಒಳಗಡೆ ಸುಟ್ಟ ಗಾಯ, ದುಂಡಗೆ. ಹಂಚು ತಾಗಿತೇನೇ ಎಂದರೆ ಹೂಂ ಎಂದಳು. ಆಮೇಲೆ ನೋಡುತ್ತೇನೆ, ಇನ್ನೂ ಇಬ್ಬರು ಮೂವರಿಗೆ ಅದೇ ಜಾಗದಲ್ಲಿ ಅದೇ ಗಾಯ. ಭಾಗಮ್ಮನಿಗೂ. ರಂಜಕ ಕುಟ್ಟುವವಳು ಹಂಚಿನ ಹತ್ತಿರ ಯಾಕೆ ಹೋದಳೋ.

ಜೋಳದ ರೊಟ್ಟಿ ಬಡಿಯುವವರ ಕೈ ಸುಡದೆ ಇರುವುದಿಲ್ಲ, ನನ್ನ ಕೈಯಲ್ಲೂ ಹಳೆಯ ಕಲೆಗಳಿವೆ. ಆದರೂ ಇಷ್ಟು ಮಂದಿಗೆ ಒಮ್ಮೆಲೇ ಆಗಬೇಕೆ? ಬೈದೆ. ಬೈದ ಮೇಲೆ ಮನಸ್ಸಿಗೆ ಕೆಡುಕೆನಿಸಿ ಔಷಧದ ಅಂಗಡಿಯಿಂದ ಸುಟ್ಟ ಗಾಯದ ಮುಲಾಮು ತಂದುಕೊಟ್ಟೆ. ಅವರು ಅದನ್ನು ತೆಗೆದುಕೊಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪಕಾರ ಮಾಡಿದರೂ ಅನುಮಾನ. ಇಂಥವರ ಜೊತೆ ಏಗಬೇಕು.

ಮಾರ್ಚ್ ೨, ಭಾನುವಾರ

ಸುವರ್ಣಾ ಬಂದಳು. ನನ್ನ ಮಗಳು. ನಮ್ಮ ಮನೆಯವರು ಡ್ಯೂಟಿಗೆ ರಜೆ ಹಾಕಿ ಜೇವರ್ಗಿಗೆ ಹೋಗಿ ಕರೆತಂದರು. ಬಸ್ ಡ್ರೈವರ್ ಶಂಕರಲಿಂಗ ಇವತ್ತು ಮಗಳನ್ನು ಕೂರಿಸಿಕೊಂಡು ಪ್ರಯಾಣಿಕನಾಗಿ ಬಂದ, ದಾರಿಯುದ್ದಕ್ಕೂ ಗುಂಡಿಗೊಮ್ಮೆ ಆ ಡ್ರೈವರನಿಗೆ ಬೈದನಂತೆ. ಅಪ್ಪ ಬೈಯುವುದನ್ನು ಮಗಳು ನಟಿಸಿ ತೋರಿಸಿದಾಗ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಏಳು ತಿಂಗಳು ತುಂಬುತ್ತ ಬಂದಿದೆ. ಹೋದ ಸಲ ಮೂರು ತಿಂಗಳಿಗೇ ಕೈತಪ್ಪಿ ಹೋಯಿತು. ಆಮೇಲೆ ಆರು ತಿಂಗಳು ಅವಳು ಯಾರೊಡನೆಯೂ ಮನಸ್ಸು ಬಿಚ್ಚಿ ಮಾತಾಡಿರಲಿಲ್ಲ. ಈ ಸಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಾತಾಡುತ್ತಾಳೆ. ಕುಬಸ ಮಾಡಿ, ಸೀಮಂತದ ಸೀರೆ ಉಡಿಸಿ, ಹೆರಿಗೆಯವರೆಗೆ ಇಲ್ಲೇ ಇಟ್ಟುಕೊಳ್ಳುತ್ತೇನೆ. ಇದೊಂದು ಸುಸೂತ್ರವಾಗಿ ಆಗಲಿ ದೇವರೇ, ನನಗೆ ಬೇರೇನೂ ಬೇಡ.

ಬಂದವಳೇ ಕೇಳಿದ್ದು ಭಾಗಮ್ಮನ ರಂಜಕ. ಬಸುರಿಯ ಬಯಕೆ, ಇಲ್ಲ ಎನ್ನಬಾರದು.

ಮಾರ್ಚ್ ೭, ಶುಕ್ರವಾರ

ಭಾಗಮ್ಮನಿಗೆ ಸುವರ್ಣಾಗಾಗಿ ಒಂದು ಡಬ್ಬಿ ರಂಜಕ ಕಟ್ಟಿಕೊಡು ಎಂದಿದ್ದೆ. ಮೆಣಸಿನಕಾಯಿ ಸರಿಯಿಲ್ಲ ಎಂದಳು. ಮರುದಿನ ಕೇಳಿದರೆ ಲಿಂಬೆ ಸರಿಯಿಲ್ಲ. ಇವತ್ತು ಏನೂ ಹೇಳದೆ ಎದ್ದು ಹೋದಳು. ಗಿರಾಕಿಗಳಿಗೆ ಸರಿಯಿರುವ ಮೆಣಸಿನಕಾಯಿ ನನ್ನ ಮಗಳಿಗೆ ಸರಿಯಿಲ್ಲವೇ? ಎರಡು ದಿನದ ಪಗಾರದ ಸಿಟ್ಟನ್ನು ಬಸುರಿ ಹೆಣ್ಣಿನ ಮೇಲೆ ತೀರಿಸುತ್ತಾರೆಯೇ? ಒಂದು ಡಬ್ಬಿಯಲ್ಲಿ ಉಂಡದ್ದನ್ನೆಲ್ಲ ಮರೆತಳು. ಬಹಳ ನೋವಾಯಿತು.

ಮನೆಗೆ ಬಂದು ನಾನೇ ಕುಟ್ಟಿದೆ. ನನ್ನ ಕೈಯಿಂದಲೇ ಬಿಸಿ ರೊಟ್ಟಿಗೆ ಸವರಿ, ಮುರಿದು, ಅವಳ ಬಾಯಿಗಿಟ್ಟೆ. ಭಾಗಮ್ಮನದಕ್ಕಿಂತ ಚೆನ್ನಾಗಿದೆ ಅವ್ವಾ ಎಂದಳು. ಸುಳ್ಳು ಅಂತ ಗೊತ್ತಿದ್ದರೂ ಹಿಗ್ಗಿದೆ. ಇನ್ನು ಮೇಲೆ ದಿನಾಲೂ ನಾನೇ ಕುಟ್ಟಿ ತಿನಿಸುತ್ತೇನೆ, ಯಾರ ಹಂಗೂ ಬೇಡ.

ಉಣ್ಣುವಾಗ ಇವರು ಏನೋ ಹೇಳುತ್ತಿದ್ದರು. ಈ ತಿಂಗಳು ಮಟಕಿ ಕಡೆಯ ಡ್ಯೂಟಿ, ಭಾನುವಾರ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲವಂತೆ. ಅಲ್ಲಿ ಯಾರೋ ಕಣ್ಣು ಹಳದಿಯಾಗುವ ಕಾಮಣಿ ಬೇನೆಗೆ ಎಲೆಯ ರಸ ಕುಡಿಸಿ ಕೈಗೆ ಚುಟಿಗೆ ಹಾಕುತ್ತಾನಂತೆ. ಈ ವರ್ಷ ಕಾಮಣಿ ಬಹಳ ಎಂದರು. ಕಾಲ ಎಲ್ಲಿಗೆ ಬಂತು, ಇನ್ನೂ ಮೈ ಸುಟ್ಟುಕೊಳ್ಳುವ ಜನ ಇದ್ದಾರಲ್ಲ ಎಂದೆ. ನನ್ನ ತಲೆಯಲ್ಲಿ ಕುಬಸದ ಸೀರೆ ಓಡುತ್ತಿತ್ತು. ಹಸಿರಿಗೆ ಕೆಂಪು ಅಂಚು ತರಬೇಕೋ, ನೇರಳೆಯೋ.

ಮಾರ್ಚ್ ೧೨, ಬುಧವಾರ

ಮುಂಜಾನೆ ಚಹಾದ ವಾಸನೆಗೆ ಹೊಟ್ಟೆ ತೊಳಸಿದಂತಾಯಿತು. ಚಹಾ ಇಲ್ಲದೆ ನನಗೆ ಹೊತ್ತೇ ಹುಟ್ಟುವುದಿಲ್ಲ, ಇವತ್ತು ಲೋಟ ಹಾಗೇ ಚೆಲ್ಲಿದೆ. ಪಿತ್ತ. ಬಿಸಿಲೂ ಏರಿದೆ. ಬಸುರಿ ಮಗಳೋ ಅವ್ವನೋ ಅಂತ ಸುವರ್ಣಾ ಚಾಷ್ಟಿ ಮಾಡಿದಳು.

ಮಾರ್ಚ್ ೧೬, ಭಾನುವಾರ

ಕುಬಸ ಆಯಿತು. ಬೆನ್ನು ಮುರಿದಿದೆ, ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ಹಸಿರು ಸೀರೆ, ಮೊಣಕೈಯವರೆಗೆ ಹಸಿರು ಬಳೆ, ಕೆನ್ನೆಗೆ ಅರಿಶಿನ. ನನ್ನ ಮಗಳನ್ನು ನಾನೇ ಗುರುತಿಸದಂತೆ ಹೊಳೆಯುತ್ತಿದ್ದಳು. ಜೇವರ್ಗಿಯಿಂದ ಬೀಗಿತಿ ಕಾಶಿಬಾಯಿ, ಅಳಿಯ ಅರುಣಕುಮಾರ ಬಂದಿದ್ದರು. ಕಾರಖಾನೆಯ ಹೆಂಗಸರು ತಲೆಯ ಮೇಲೆ ಬುತ್ತಿ ಹೊತ್ತು ಹಾಡುತ್ತ ಬಂದಾಗ ಓಣಿಯ ಜನ ಹೊರಗೆ ಬಂದು ನೋಡಿದರು. ಅರಿಶಿನ ಹಚ್ಚುವಾಗ ಅವರು ನನ್ನನ್ನೂ ಬಿಡಲಿಲ್ಲ, ಮುಖ ಕುತ್ತಿಗೆ ಎಲ್ಲ ಬಳಿದು ನೀವೇ ಬಸುರಿ ಅಂದರು.

ಪದ್ಧತಿಯಂತೆ ಮೊದಲ ತುತ್ತು ನಾನು ತಿನಿಸಿದೆ. ಆಮೇಲೆ ಒಬ್ಬೊಬ್ಬರಾಗಿ ಬಂದು, ದೃಷ್ಟಿಯಾಗಬಾರದೆಂದು ಸೆರಗು ಮರೆಮಾಡಿ, ಒಂದೊಂದು ತುತ್ತು ಅವಳ ಬಾಯಿಗಿಟ್ಟರು. ಮುಮತಾಜ ತಿನಿಸಿದಳು, ಎಲ್ಲರೂ ತಿನಿಸಿದರು. ಭಾಗಮ್ಮ ಮಾತ್ರ ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತಿದ್ದಳು. ಮೊದಲು, ಇನ್ನೂ ಸಿಟ್ಟು ಇಳಿದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ನನ್ನ ನಾದಿನಿ ಕಿವಿಯ ಹತ್ತಿರ ಬಂದು, ಅವಳಿಗೆ ತನ್ನ ಜಾಗ ಗೊತ್ತಿದೆ, ಬಿಡು ಅಂದಳು. ನನಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು. ಎದ್ದು ಹೋಗಿ ಭಾಗಮ್ಮನ ಮುಂಗೈ ಹಿಡಿದು ಎಳೆದೆ. ಅವಳು ಮುಖ ಕಿವುಚಿದಳು.

"ಬ್ಯಾಡ್ರಿ ಅಕ್ಕೋರೆ. ನನ್ನ ಕೈ ಬ್ಯಾಡ್ರಿ."

"ಏನಾಗ್ಯಾದ ನಿನ್ನ ಕೈಗಿ? ನಮ್ಮನ್ಯಾಗ ಅಂಥಾ ಭೇದ ಇಲ್ಲ. ನೀ ತಿನಿಸಿಲ್ಲಂದ್ರ ನನ್ನ ಮಗಳ ಕುಬಸ ಪೂರಾ ಆಗಂಗಿಲ್ಲ."

ಎಲ್ಲರಿಗೂ ಕೇಳುವಂತೆಯೇ ಹೇಳಿದೆ. ಭಾಗಮ್ಮ ಮುಂದೆ ಬಂದಳು. ತುತ್ತು ತೆಗೆದುಕೊಂಡು, ಸೆರಗು ಪೂರ್ತಿ ಮರೆಮಾಡಿ, ಸುವರ್ಣಾಳ ಮುಂದೆ ಬಗ್ಗಿದಳು. ಆಮೇಲೆ ಊಟಕ್ಕೂ ನಿಲ್ಲದೆ ಹೊರಟುಹೋದಳು. ನಾದಿನಿಯ ಮುಖ ನೋಡಬೇಕಿತ್ತು. ಇವತ್ತು ನಾನು ಮಾಡಿದ್ದರಲ್ಲಿ ಅದೇ ದೊಡ್ಡ ಕೆಲಸ ಅನಿಸುತ್ತಿದೆ.

ನಾನು ಉಣ್ಣಲಿಲ್ಲ. ಹೋಳಿಗೆ ನೋಡಿದರೇ ಬೇಡವೆನಿಸಿತು.

ಮಾರ್ಚ್ ೧೯, ಬುಧವಾರ

ಮೈಯಲ್ಲಿ ಶಕ್ತಿಯೇ ಇಲ್ಲ. ಕುಬಸದ ದಣಿವು ಇನ್ನೂ ಇಳಿದಿಲ್ಲ. ಮೂತ್ರ ಕಡು ಹಳದಿ, ಉಷ್ಣ. ಸಬ್ಜಾ ನೆನೆಸಿ ಕುಡಿದೆ. ಮುಖ ಯಾಕೆ ಹಳದಿಯಾಗಿದೆ ಎಂದು ಇವರು ಕೇಳಿದರು. ಅರಿಶಿನ ಅಷ್ಟು ಬಳಿದರೆ ಮೂರು ದಿನಕ್ಕೆ ಹೋಗುತ್ತದೆಯೇ ಎಂದೆ.

ಸಾವಕಾರರು ಇವತ್ತು ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಬೋರ್ಡು ಹಚ್ಚಿದ ಮೇಲೆ ಒಬ್ಬರೂ ಚೀಟಿ ತಂದಿಲ್ಲ, ಒಬ್ಬರಿಗೂ ಬೇನೆಯ ರಜೆ ಕೊಡುವ ಪ್ರಸಂಗ ಬಂದಿಲ್ಲ. ಅಫಜಲಪುರದಲ್ಲಿ ಇನ್ನೊಂದು ಕಾರಖಾನೆ ತೆರೆದರೆ ಅದನ್ನೂ ನಾನೇ ನೋಡಿಕೊಳ್ಳಬೇಕಂತೆ. ಖುಷಿಯಾಗಬೇಕಿತ್ತು. ಕುರ್ಚಿಯಿಂದ ಎದ್ದು ಕೈ ಮುಗಿಯುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು.

ಭಾಗಮ್ಮ ಕುಬಸದ ಮರುದಿನದಿಂದ ಕೆಲಸಕ್ಕೆ ಬಂದಿಲ್ಲ.

ಮಾರ್ಚ್ ೨೪, ಸೋಮವಾರ

ಮುಮತಾಜ ರೊಟ್ಟಿ ಬಡಿಯುತ್ತಲೇ ಒಲೆಯ ಪಕ್ಕಕ್ಕೆ ಬಿದ್ದಳು. ಬೆಂಕಿಯ ಕಡೆ ಬೀಳಲಿಲ್ಲ, ದೇವರು ದೊಡ್ಡವನು. ದವಾಖಾನೆಗೆ ಒಯ್ದರು. ಮಧ್ಯಾಹ್ನವೇ ಆರೋಗ್ಯ ಇಲಾಖೆಯ ಹೆಣ್ಣುಮಗಳು ಬಂದಳು, ಸುಮಂಗಲಾ ಅಂತ. ಹಿಟ್ಟಿನ ಪರಾತ, ನೀರಿನ ಕೊಡ, ಹಿಂದಿನ ಪಾಯಖಾನೆ, ಕೈ ತೊಳೆಯುವ ಜಾಗ ಎಲ್ಲ ನೋಡಿದಳು. ಕೈ ತೊಳೆಯುವ ಜಾಗದಲ್ಲಿ ಸಾಬೂನು ಇರಲಿಲ್ಲ. ಇಲ್ಲಿ ಮತ್ತೆ ಯಾರಿಗಾದರೂ ಆರಾಮಿಲ್ಲದೆ ಇತ್ತೇ ಎಂದು ಕೇಳಿದಳು.

ಸಾವಕಾರರು ನನ್ನ ಕಡೆ ನೋಡಿದರು. ನಾನು ಬೋರ್ಡು ತೋರಿಸಿದೆ. ಪಗಾರದ ಜೊತೆ ರಜೆ ಕೊಡುತ್ತೇವೆ ಎಂದರೂ ಒಬ್ಬರೂ ತೆಗೆದುಕೊಂಡಿಲ್ಲ, ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ ಎಂದೆ. ಧೈರ್ಯವಾಗಿ ಹೇಳಿದೆ. ನಿಜವೆಂದೇ ಹೇಳಿದೆ.

"ಮುಮತಾಜಗ ಕಾಮಣಿ ಆಗೇದ್ರಿ. ಈಗಲ್ಲ, ಮೊದಲೇ ಒಂದು ಸಲ ಆಗಿ, ಪೂರಾ ಆರಾಮ ಆಗದ ದುಡದು ತಿರುಗಿ ಮಲಗ್ಯಾಳ. ಕೈಮ್ಯಾಲ ಚುಟಿಗಿ ಅದ ನೋಡ್ರಿ," ಎಂದಳು ಸುಮಂಗಲಾ.

ಅಷ್ಟು ಹೇಳಿ ಅವಳು ಬರೆದುಕೊಳ್ಳತೊಡಗಿದಳು. ದುಂಡನೆಯ ಗಾಯ. ಮುಂಗೈಯ ಒಳಗಡೆ. ಎಲ್ಲರಿಗೂ ಒಂದೇ ಜಾಗದಲ್ಲಿ. ನಾನು ಮುಲಾಮು ತಂದುಕೊಟ್ಟಿದ್ದೆ.

ಗರ್ಭಿಣಿಗೆ ಬಂದರೆ ಏನಾಗುತ್ತದೆ ಎಂದು ಬೇರೆ ಯಾರದೋ ಮಾತು ಎನ್ನುವಂತೆ ಕೇಳಿದೆ. ಕೈಯಿಂದ, ಊಟದಿಂದ ಹತ್ತುವ ಕೆಲವು ಕಾಮಣಿ ತಾಯಿಯನ್ನೂ ಉಳಿಸುವುದಿಲ್ಲ, ಮಗುವನ್ನೂ ಉಳಿಸುವುದಿಲ್ಲ ಎಂದಳು.

ಭಾಗಮ್ಮ. ಗೊತ್ತಿದ್ದೂ ಗೊತ್ತಿದ್ದೂ ನನ್ನ ಮಗಳ ಬಾಯಿಗೆ ಕೈ ಇಟ್ಟಳು. ನಾಳೆ ಹೋಗುತ್ತೇನೆ. ಅವಳನ್ನು ಬಿಡುವುದಿಲ್ಲ.

ಮಾರ್ಚ್ ೨೫, ಮಂಗಳವಾರ

ಭಾಗಮ್ಮನ ಮನೆ ಕೇರಿಯ ಕೊನೆಯಲ್ಲಿದೆ. ಇಷ್ಟು ವರ್ಷ ಒಂದು ಡಬ್ಬಿಯಲ್ಲಿ ಉಂಡವಳು ಒಮ್ಮೆಯೂ ಅವಳ ಮನೆಗೆ ಹೋಗಿರಲಿಲ್ಲ, ದಾರಿ ಕೇಳಬೇಕಾಯಿತು. ದಾರಿಯಲ್ಲಿ ಎರಡು ಕಡೆ ಕೂತು ಹೋದೆ. ಅವಳು ಕತ್ತಲ ಕೋಣೆಯಲ್ಲಿ ಕೌದಿಯ ಮೇಲೆ ಮಲಗಿದ್ದಳು. ನಾನು ಬಾಗಿಲಲ್ಲೇ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಎರಡು ದಿನದ ಪಗಾರಕ್ಕೆ ಎರಡು ಜೀವದ ಮೇಲೆ ಸೇಡು ತೀರಿಸಿದಿ ಎಂದೆ. ಬರೆಯಬಾರದ ಮಾತೂ ಅಂದೆ. ನನಗೆ ಉಸಿರು ಹತ್ತಿದ ಮೇಲೆ ಅವಳು ಎದ್ದು ಕೂತಳು.

"ನಾ ತಿನಿಸಿಲ್ರಿ ಅಕ್ಕೋರೆ."

ಎಲ್ಲರ ಮುಂದೆ ತಿನಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದೆ.

"ಸೆರಗು ಮರಿ ಮಾಡಿದ್ನೆಲ್ರಿ. ತುತ್ತು ನನ್ನ ಸೆರಗಿನಾಗ ಬಿಟ್ಟೆ. ಮಗಳಿಗಿ ಕಣ್ಣಿಲೇ ಸನ್ನಿ ಮಾಡಿದೆ, ಶಾಣ್ಯಾಕಿ, ತಿಂದಂಗ ಬಾಯಿ ಆಡಿಸಿದ್ಳು. ನಾ ಒಬ್ಬಾಕೆ ಅಲ್ರಿ. ಬರೋ ಮೊದಲೇ ಎಲ್ಲಾರೂ ಮಾತಾಡಿಕೊಂಡಿದ್ದೆವು. ಯಾರ್ಯಾರ ಕೈಮ್ಯಾಲ ಚುಟಿಗಿ ಅದನೋ, ಅವರ ಕೈಲಿಂದ ಒಂದು ಅಗಳೂ ಅಕೀ ಬಾಯಿಗಿ ಹೋಗಿಲ್ಲ. ಅದಕ್ಕೇ ರಂಜಕಾನೂ ಕೊಡಲಿಲ್ರಿ."

ಯಾಕೆ ಹೇಳಲಿಲ್ಲ ಎಂದೆ. ಹೇಳಿದ್ದೆನಲ್ಲ, ಆರಾಮಿಲ್ಲ ಅಂತ ನಿಮ್ಮ ಬಾಗಿಲಲ್ಲಿ ನಿಂತು ಹೇಳಿದ್ದೆನಲ್ಲ, ನೀವು ಚೀಟಿ ಕೇಳಿದಿರಿ ಎಂದಳು. ಹೆಸರು ಹೇಳಿದರೆ ಮದ್ದು ನಾಟುವುದಿಲ್ಲ ಎಂಬ ಅಂಜಿಕೆ, ಹೇಳಿದರೆ ರೊಟ್ಟಿ ಮುಟ್ಟುವ ಕೆಲಸ ಹೋಗುತ್ತದೆ ಎಂಬ ಅಂಜಿಕೆ. ಮನೆಯಲ್ಲಿ ಕೂತರೆ ಒಲೆ ಹತ್ತುವುದಿಲ್ಲ. ಅವಳ ದನಿಯಲ್ಲಿ ದೂರು ಕೂಡ ಇರಲಿಲ್ಲ.

ನನಗೆ ಅಳು ಬಂತು. ಅವಳ ಮೇಲಿನ ಸಿಟ್ಟು ಎಲ್ಲಿ ಹೋಯಿತೋ, ಕೈ ಹಿಡಿದು ನನ್ನ ಮಗಳನ್ನು ಉಳಿಸಿದಿ ಭಾಗಮ್ಮ ಎಂದೆ. ಮೈಮೇಲಿಂದ ಬಂಡೆ ಇಳಿದಷ್ಟು ಹಗುರವಾಯಿತು. ಅವಳು ನನ್ನನ್ನು ಕಳಿಸಲು ಬಾಗಿಲವರೆಗೆ ಬಂದಳು. ಹೊರಗಿನ ಬಿಸಿಲಲ್ಲಿ ನನ್ನ ಮುಖ ನೋಡಿದವಳು ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದಳು. ಕೈ ಬಿಟ್ಟಳು.

"ಅಕ್ಕೋರೆ, ಮನ್ಯಾಗ ಮಗಳಿಗಿ ಯಾರು ಉಣಸಾಕತ್ತಾರ್ರಿ?"

ಮಾರ್ಚ್ ೨೬, ಬುಧವಾರ

ರಕ್ತ ಕೊಟ್ಟೆ. ಕಾಮಣಿ. ಯಾವಾಗಿನಿಂದ ಚಹಾ ಸೇರುತ್ತಿಲ್ಲ ಎಂದು ಡಾಕ್ಟರು ಕೇಳಿದರು. ಆಗಿನಿಂದಲೂ ಇದ್ದಿರಬೇಕು, ಅದಕ್ಕೂ ಮೊದಲಿನಿಂದಲೇ ನನ್ನಿಂದ ಬೇರೆಯವರಿಗೆ ಹತ್ತಬಹುದಿತ್ತು ಎಂದರು. ರಂಜಕ ಕುಟ್ಟಿದ ದಿನಗಳನ್ನೆಲ್ಲ ನೆನೆದೆ.

ಸುವರ್ಣಾಳ ರಕ್ತವನ್ನೂ ನೋಡಿದರು. ಸದ್ಯ ಏನೂ ಇಲ್ಲ. ಆದರೆ ಇಲ್ಲ ಅಂತ ಈಗಲೇ ಹೇಳಲಾಗುವುದಿಲ್ಲ, ಹೊರಗೆ ಬೀಳಲು ವಾರಗಳು ಹಿಡಿಯುತ್ತವೆ, ಕಾಯಬೇಕು. ಅನ್ನ ಬೇಡವಾದರೆ, ವಾಕರಿಕೆ ಬಂದರೆ, ಕಣ್ಣು ಹಳದಿಯಾದರೆ ಕೂಡಲೇ ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಸಂಜೆಯೇ ಅಳಿಯ ಬಂದು ಕರೆದುಕೊಂಡು ಹೋದ. ನಾನು ಹತ್ತಿರ ಹೋಗಲಿಲ್ಲ. ಅಂಗಳದ ಈ ಕಡೆ ನಾನು, ಆ ಕಡೆ ಅವಳು. ಕೈ ಬೀಸಿದಳು. ಕುಬಸದ ಬಳೆ ಸದ್ದು ಮಾಡಿದವು.

ಡಾಕ್ಟರು ನಾನು ಕೇಳದೆಯೇ ಚೀಟಿ ಬರೆದುಕೊಟ್ಟರು. ಎಷ್ಟು ಸುಲಭವಾಗಿ ಕೊಟ್ಟರು. ಸಾ‌ವಕಾರರಿಗೆ ಫೋನು ಮಾಡಿದೆ. ಪಗಾರ ಮನೆಗೇ ಕಳಿಸುತ್ತೇನೆ, ಎಷ್ಟು ದಿನ ಬೇಕಾದರೂ ಮಲಗು ಎಂದರು.

"ಆದ್ರ ಆ ಚೀಟಿ ಮಾತ್ರ ನನ್ನ ಕಡೆ ತರಬ್ಯಾಡ ಶಿವಕಾಂತಕ್ಕ. ಅದರಾಗ ಬ್ಯಾನಿ ಹೆಸರು ಬರದಾರ. ಕಾರಖಾನಿ ಮುಚ್ಚಸ್ತಾರ."

ಅವರೂ ಹೆಸರು ಬೇಡ ಎನ್ನುತ್ತಾರೆ. ಚೀಟಿಯನ್ನು ಸುಮಂಗಲಾಳ ಕೈಗೆ ಕೊಟ್ಟೆ. ಮೊನ್ನೆ ನಾನು ಹೇಳಿದ್ದೆಲ್ಲ ತಪ್ಪು, ಬೋರ್ಡು ನೋಡಬೇಡ, ಹೆಂಗಸರ ಮುಂಗೈ ನೋಡು, ಹಾಗೆಯೇ ಅವರಿಗೆಲ್ಲ ಹೀಗೊಂದು ಚೀಟಿ ಬರೆಸಿಕೊಡು ಎಂದೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ. ಅದರ ಚಿಂತೆ ಈಗ ಬರುತ್ತಿಲ್ಲ.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ನಾನೇ ಉಣ್ಣುತ್ತೇನೆ. ನನ್ನ ಮಗಳೇಕೆ ಉಣ್ಣಬೇಕು?

ಮಾರ್ಚ್ ೩೦, ಭಾನುವಾರ, ಯುಗಾದಿ

ಕಾರಖಾನೆಗೆ ಬೀಗ ಬಿದ್ದಿದೆ. ಸಾವಕಾರರು ಫೋನು ಎತ್ತುತ್ತಿಲ್ಲ.

ಇವರು ಬಾಗಿಲಿಗೆ ಬೇವು ಕಟ್ಟಿದರು. ಗಂಜಿ ಮಾಡಿ ನನ್ನ ತಟ್ಟೆ ಬೇರೆ ಇಟ್ಟರು. ದಿನಾ ಮುಂಜಾನೆ ಸುವರ್ಣಾ ವಿಡಿಯೋ ಕಾಲ್ ಮಾಡುತ್ತಾಳೆ. ಬಿಸಿಲಿಗೆ ಹೋಗು, ರೆಪ್ಪೆ ಜಗ್ಗು, ಇನ್ನೊಂದು ಕಣ್ಣು ತೋರಿಸು ಎನ್ನುತ್ತೇನೆ. ಇವತ್ತೂ ಬೆಳ್ಳಗಿದ್ದವು. ಬೇವು ಬೆಲ್ಲ ತಿಂದೆ ಅವ್ವಾ, ಬೇವೇ ಜಾಸ್ತಿ ಇತ್ತು ಎಂದು ನಕ್ಕಳು. ಮಗು ಒದೆಯುತ್ತಿದೆಯಂತೆ. ಫೋನನ್ನು ಹೊಟ್ಟೆಯ ಹತ್ತಿರ ಹಿಡಿದಳು. ಹಸಿರು ಸೀರೆ ಬಿಟ್ಟು ಏನೂ ಕಾಣಲಿಲ್ಲ, ಆದರೂ ಬಹಳ ಹೊತ್ತು ನೋಡಿದೆ.

ಏಪ್ರಿಲ್ ೪, ಶುಕ್ರವಾರ

ಮುಂಜಾನೆ ನನಗೆ ಚಹಾ ಬೇಕೆನಿಸಿತು. ಇಷ್ಟು ದಿನಗಳ ಮೇಲೆ ಮೊದಲ ಸಲ. ಇವರು ಖುಷಿಯಿಂದ ಶುಂಠಿ ಜಜ್ಜಿ ಹಾಕಿ ಮಾಡಿಕೊಟ್ಟರು. ಅರ್ಧ ಲೋಟ ಕುಡಿದೆ, ರುಚಿ ಹತ್ತಿತು. ಗುಣವಾಗುವ ಲಕ್ಷಣ ಎಂದರು.

ಅಷ್ಟರಲ್ಲಿ ಸುವರ್ಣಾಳ ಫೋನು ಬಂತು. ಹೇಳುವುದಕ್ಕೆ ಮುಂಚೆಯೇ ಬಿಸಿಲಿಗೆ ಹೋಗಿ ರೆಪ್ಪೆ ಜಗ್ಗಿ ತೋರಿಸಿದಳು. ಬೆಳ್ಳಗಿವೆ, ಎರಡೂ ಬೆಳ್ಳಗಿವೆ. ನನ್ನ ಕೈಯಲ್ಲಿ ಲೋಟ ಕಂಡು, ಚಹಾ ಸೇರಿತೇನು ಎಂದು ಹಿಗ್ಗಿದಳು. ನಿನ್ನದಾಯಿತೇ ಎಂದೆ. ಅವಳು ಮೂಗು ಮುರಿದು ನಕ್ಕಳು.

"ಅತ್ತಿ ಕೊಟ್ಟಿದ್ರು ಅವ್ವಾ. ಇವತ್ತ ಯಾಕೋ ಚಾ ವಾಸನಿನೇ ಬ್ಯಾಡ ಅನಸಾಕತ್ತದ."